ಮೂವತ್ತೊಂದನೇ ಕಂಪನಿ

ಏನನ್ನಾದರೂ ಮಾರಿ ಹೊಟ್ಟೆ ಹೊರೆಯುವವನಿಗೆ ತಾನು ಮಾರುವುದು ಏನು ಎಂಬುದಾದರೂ ಗೊತ್ತಿರಬೇಕು. ಸಂತೆಯಲ್ಲಿ ಬದನೆಕಾಯಿ ಮಾರುವವಳು ಹುಳುಕು ಕಾಯಿಗಳನ್ನು ಬುಟ್ಟಿಯ ತಳಕ್ಕೆ ಸೇರಿಸುತ್ತಾಳೆಂದರೆ ಅವಳಿಗೆ ಬದನೆಕಾಯಿಯ ವಿದ್ಯೆ ಚೆನ್ನಾಗಿ ತಿಳಿದಿದೆ ಎಂದೇ ಅರ್ಥ. ನನಗೆ ಅಷ್ಟು ವಿದ್ಯೆಯೂ ಇರಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ನಾನು ಮ್ಯೂಚುವಲ್ ಫಂಡ್ ಮಾರುತ್ತಿದ್ದೆ. ಅದರ ಒಳಗೆ ಏನಿದೆ ಎಂದು ಬುಟ್ಟಿ ಎತ್ತಿ ನೋಡಿದವನಲ್ಲ. ಈಗ ಬೆಳಗಾವಿಯಲ್ಲಿ ಗಾಜಿನ ಬಾಗಿಲಿನ ಕಚೇರಿಯೊಂದರಲ್ಲಿ ಕೂತಿದ್ದೇನೆ. ತರಬೇತಿಗೆ ಬರುವ ಹುಡುಗ ಹುಡುಗಿಯರು, "ಸರ್, ಕಂಪನಿಗಳನ್ನು ಅಭ್ಯಾಸ ಮಾಡೋದು ಯಾರ ಹತ್ರ ಕಲಿತ್ರಿ?" ಎಂದು ಕೇಳಿದರೆ ಮೂರು ದಪ್ಪ ಪುಸ್ತಕಗಳ ಹೆಸರು ಹೇಳುತ್ತೇನೆ. ಮೂರರಲ್ಲಿ ಒಂದನ್ನು ಅರ್ಧ ಓದಿದ್ದೂ ಉಂಟು. ನಿಜ ಹೇಳಬೇಕೆಂದರೆ ನನಗೆ ಕಲಿಸಿದವಳು ಅಂಕಲಿಯ ರಾಜಮತಿ ಆಯಿ. ಬ್ಯಾಲೆನ್ಸ್ ಶೀಟ್ ಎಂಬುದನ್ನು ಆಕೆ ಕಂಡವಳಲ್ಲ. ಕಂಡಿದ್ದರೆ ಅದರ ಮೇಲೆ ಹಪ್ಪಳ ಒಣಹಾಕುತ್ತಿದ್ದಳು.

ಎರಡು ಸಾವಿರದ ಏಳನೇ ಇಸವಿಯ ಮಾತು. ಚಿಕ್ಕೋಡಿಯ ಬಸ್ ನಿಲ್ದಾಣದ ಹತ್ತಿರ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಸಂಸ್ಥೆ ಇತ್ತು. ಸಂಸ್ಥೆ ಎಂದರೆ ನಾಲ್ಕು ಕುರ್ಚಿ, ಒಂದು ಕಂಪ್ಯೂಟರ್, ಗೋಡೆಯ ಮೇಲೆ ಏರುತ್ತಲೇ ಹೋಗುವ ಕೆಂಪು ಗೆರೆಯ ಒಂದು ಚಿತ್ರ, ಮತ್ತು ನಮ್ಮ ಮಾಲೀಕರಾದ ಶಿಂದೆ ಸಾಹೇಬರು. ಕೆಳಗಿನಿಂದ ಕೀಟನಾಶಕದ ವಾಸನೆ ಏರಿ ಬರುತ್ತಿದ್ದುದರಿಂದ ಗಿರಾಕಿಗಳು ಸೀನುತ್ತಲೇ ಮೆಟ್ಟಿಲು ಹತ್ತುತ್ತಿದ್ದರು. "ಶೀನಿಕೊಂಡು ಬಂದವ ಖಾಲಿ ಹೋಗಬಾರದ ನೋಡು" ಎಂದು ಸಾಹೇಬರು ಸಂಬಳದ ದಿನ ನನಗೆ ಹೇಳುತ್ತಿದ್ದರು. ಅವರು ನಿಪ್ಪಾಣಿಯವರು. ಮನೆತನದ ವ್ಯಾಪಾರ ತಂಬಾಕು. ಅಣ್ಣಂದಿರ ಜೊತೆ ಕೂಡಿಬರದೆ ಎಲೆಯ ವ್ಯಾಪಾರ ಬಿಟ್ಟು ಕಾಗದದ ವ್ಯಾಪಾರಕ್ಕೆ ಬಂದಿದ್ದರು. ಸಿಟ್ಟು ಬಂದಾಗ ಮರಾಠಿಯಲ್ಲೂ ಸಂಬಳ ಕೊಡುವಾಗ ಕನ್ನಡದಲ್ಲೂ ಮಾತಾಡುತ್ತಿದ್ದರಾದ್ದರಿಂದ ಅವರ ಕನ್ನಡ ನನಗೆ ತಿಂಗಳಿಗೊಮ್ಮೆ ಕೇಳಸಿಗುತ್ತಿತ್ತು. ನನ್ನ ಟೈಯನ್ನು ಮೊದಲ ದಿನ ಕಟ್ಟಿಕೊಟ್ಟವರೂ ಅವರೇ. ಆ ಗಂಟನ್ನು ನಾನು ಕೊನೆಯವರೆಗೂ ಬಿಚ್ಚಲಿಲ್ಲ. ಸಂಜೆ ಸಡಿಲಿಸಿ ಮೊಳೆಗೆ ತೂಗುಹಾಕಿ, ಬೆಳಿಗ್ಗೆ ಎತ್ತಿನ ಹಗ್ಗದಂತೆ ಕೊರಳಿಗೆ ಇಳಿಸಿಕೊಳ್ಳುತ್ತಿದ್ದೆ.

ನನ್ನ ಊರು ಕಬ್ಬೂರ. ನನಗೆ ನೌಕರಿ ಸಿಕ್ಕ ದಿನವೇ ಅಪ್ಪ, "ಮಗಾ ಶೇರ್ ಮಾರ್ಕೆಟ್ಟಿನ್ಯಾಗ ಆಫೀಸರ್ ಆಗ್ಯಾನ" ಎಂದು ಊರೆಲ್ಲ ಹೇಳಿಬಿಟ್ಟಿದ್ದ. ಆರು ತಿಂಗಳು ಕೆಲಸ ನೋಡಿ ಆಮೇಲೆ ಖಾಯಂ ಮಾಡುವ ಮಾತಾಗಿದೆ ಎಂಬುದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಕೆಲಸ ಹೋದರೆ ನಾನು ಮನೆಗೆ ಮರಳುವುದು ದೊಡ್ಡ ಸಂಗತಿಯಲ್ಲ, ಅಪ್ಪ ಚಹಾದಂಗಡಿಗೆ ಹೋಗುವುದು ಹೇಗೆ ಎಂಬುದೇ ನನ್ನ ಚಿಂತೆಯಾಗಿತ್ತು. ಐದು ತಿಂಗಳು ಸೈಕಲ್ ಮೋಟಾರಿನಲ್ಲಿ ರಾಯಬಾಗ, ಅಥಣಿ, ಕಾಗವಾಡ ಎಂದು ಸುತ್ತಿದೆ. ರಾಯಬಾಗದ ಒಬ್ಬರು ಎಲ್ಲ ಕೇಳಿ, "ಆತ್ರಿ, ಫಂಡಿನ ಕಾರಖಾನಿ ಎಲ್ಲಿ ಐತಿ? ಒಮ್ಮೆ ನೋಡಿ ಬರೂಣು" ಎಂದರು. ಐಗಳಿಯ ದ್ರಾಕ್ಷಿ ಬೆಳೆಗಾರರೊಬ್ಬರು ನನ್ನ ಮಾತು ಮುಗಿಯುವವರೆಗೂ ಒಣದ್ರಾಕ್ಷಿ ತಿನ್ನಿಸಿ, ಮೇಲೆ ಒಂದು ಕಿಲೋ ಕಟ್ಟಿಕೊಟ್ಟು ಕಳಿಸಿದರು. ಸಾಹೇಬರ ಮುಂದೆ ಆ ಪೊಟ್ಟಣ ಇಟ್ಟಾಗ ಅವರು ಮರಾಠಿಯಲ್ಲಿ ಏನೋ ಅಂದರು. ನನಗೆ ಅರ್ಥವಾಯಿತು, ಇಲ್ಲಿ ಬರೆಯಲಾರೆ.

ಆರನೆಯ ತಿಂಗಳಲ್ಲಿ ಅಂಕಲಿಯ ಸುಜಾತಾ ಟೀಚರು ನಮ್ಮ ಕಚೇರಿಗೆ ಬಂದರು. ಪ್ರಾಥಮಿಕ ಶಾಲೆಯ ಶಿಕ್ಷಕಿ, ಜೈನರ ಮನೆಯ ಸೊಸೆ. ಅತ್ತೆಗೆ ತವರಿನ ಹೊಲದಲ್ಲಿ ಪಾಲಿನ ಹಣ ಬಂದಿದೆ, ಮೊಮ್ಮಗಳ ಮುಂದಿನ ಓದಿಗೆಂದು ಎಲ್ಲಾದರೂ ಇಡಬೇಕು ಎಂದರು. ಮೊತ್ತ ಕೇಳಿ ಶಿಂದೆ ಸಾಹೇಬರು ಫ್ಯಾನಿನ ವೇಗ ಹೆಚ್ಚಿಸಿದರು. ಟೀಚರು ಹೋದ ಮೇಲೆ ನನ್ನ ಕಡೆ ತಿರುಗಿ, "ಇಲ್ನೋಡು, ಇದೊಂದು ಆತಂದ್ರ ನೀ ಖಾಯಂ. ಆಗಲಿಲ್ಲಂದ್ರ ಕಬ್ಬೂರ ಬಸ್ಸು ಹೊರಗ ನಿಂತೈತಿ" ಎಂದರು. ಕನ್ನಡದಲ್ಲೇ ಹೇಳಿದ್ದರಿಂದ ಇದು ತಮಾಷೆಯ ಮಾತಲ್ಲ ಎಂದು ತಿಳಿಯಿತು.

ಮರುದಿನ ಅಂಕಲಿಗೆ ಹೋದೆ. ಟೀಚರ ಅತ್ತೆ ರಾಜಮತಿ ಆಯಿ ಪಡಸಾಲೆಯಲ್ಲಿ ಕೂತು ಬಟ್ಟೆಯಲ್ಲಿ ನೀರು ಸೋಸುತ್ತಿದ್ದಳು. ಸಣ್ಣ ಆಳು, ಬಿಳಿ ಸೀರೆ, ದೊಡ್ಡ ಕನ್ನಡಕ. ನಾನು ಕಲಿತಿದ್ದನ್ನೆಲ್ಲ ಒಪ್ಪಿಸಿದೆ: ದೇಶ ಬೆಳೆಯುತ್ತಿದೆ, ಕಂಪನಿಗಳು ಬೆಳೆಯುತ್ತಿವೆ, ನಿಮ್ಮ ಹಣವೂ ಬೆಳೆಯುತ್ತದೆ. ಎಷ್ಟು ಬೆಳೆಯುತ್ತದೆ ಎಂದು ಕೇಳುತ್ತಾಳೆಂದು ಕಾದೆ. ಎಲ್ಲರೂ ಅದನ್ನೇ ಕೇಳುತ್ತಿದ್ದರು, ಉತ್ತರವೂ ಬಾಯಿಪಾಠ ಇತ್ತು.

"ಅಲ್ಲ ತಮ್ಮಾ, ಆ ಕಂಪನಿಯವರು ಏನ್ ಮಾಡ್ತಾರು?" ಎಂದಳು ಆಯಿ.

"ವ್ಯಾಪಾರ ಮಾಡ್ತಾರ್ರಿ."

"ಯಾತರದು?"

ನಾನು ಸುಜಾತಾ ಟೀಚರ ಮುಖ ನೋಡಿದೆ. ಅವರು ವಿವರಿಸಿದರು. ಅತ್ತೆ ಮುನಿಗಳ ಎದುರಿಗೆ ವ್ರತ ಹಿಡಿದಿದ್ದಾರೆ. ಗಡ್ಡೆ-ಗೆಣಸು ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಜೀವಹಿಂಸೆಯಿಂದ ಬಂದ ಒಂದು ಪೈಸೆಯನ್ನೂ ಮುಟ್ಟುವುದಿಲ್ಲ. ಹಣ ಹಾಕಬೇಕಾದರೆ ಆ ಫಂಡಿನಲ್ಲಿರುವ ಪ್ರತಿಯೊಂದು ಕಂಪನಿ ಏನು ಮಾಡುತ್ತದೆ ಎಂದು ಅವರಿಗೆ ಹೇಳಬೇಕು. ಆ ಫಂಡಿನಲ್ಲಿ ನಲವತ್ತೆಂಟು ಕಂಪನಿಗಳಿದ್ದವು. ನನಗೆ ಅವುಗಳಲ್ಲಿ ಹತ್ತರ ಹೆಸರು ಗೊತ್ತಿತ್ತು, ಅದೂ ಟಿವಿಯ ಜಾಹೀರಾತಿನಿಂದ.

ಹೀಗೆ ನನ್ನ ವಿದ್ಯಾಭ್ಯಾಸ ಶುರುವಾಯಿತು. ದಿನ ಬಿಟ್ಟು ದಿನ ಪಟ್ಟಿ ಹಿಡಿದು ಅಂಕಲಿಗೆ ಹೋಗುವುದು, ಆಯಿ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದೆ ತಲೆ ಕೆರೆದುಕೊಳ್ಳುವುದು, ಚಿಕ್ಕೋಡಿಗೆ ಬಂದು ಕೊಂಯ್ ಕೊಂಯ್ ಎನ್ನುವ ಇಂಟರ್‌ನೆಟ್ಟಿನ ಮುಂದೆ ಕೂತು ಹುಡುಕುವುದು, ಮತ್ತೆ ಹೋಗುವುದು. ಸಾಬೂನಿನ ಕಂಪನಿ ಬಂದರೆ, "ಚರಬಿ ಹಾಕ್ತಾರೇನು ನೋಡು" ಎನ್ನುತ್ತಿದ್ದಳು. ಔಷಧದ ಕಂಪನಿ ಒಳ್ಳೆಯದು, ಜೀವ ಉಳಿಸುತ್ತದೆ ಎಂದು ನಾನು ಧೈರ್ಯವಾಗಿ ಹೇಳಿದರೆ, "ಗುಳಿಗಿ ಸರಿ, ಆ ಜಾರೂ ಟೋಪಗಿ ಇರತೈತಲಾ, ಅದನ್ನ ಯಾತರಿಂದ ಮಾಡ್ತಾರ?" ಎಂದಳು. ಹುಡುಕಿದೆ. ಕ್ಯಾಪ್ಸೂಲಿನ ಹೊದಿಕೆ ಮೂಳೆಯಿಂದ ಎಂದು ತಿಳಿದು ನನಗೇ ಗಾಬರಿಯಾಯಿತು. ಆ ವಾರ ನನಗೆ ನೆಗಡಿ ಬಂದಿತ್ತು, ಶುಂಠಿ ಕಷಾಯದಲ್ಲೇ ಕಳೆದೆ. ಆಲೂಗಡ್ಡೆ ಚಿಪ್ಸಿನವರನ್ನು ಆಕೆ ಚರ್ಚೆಯಿಲ್ಲದೆ ಹೊರಗೆ ಹಾಕಿದಳು. ಅವರೊಬ್ಬರಿಗಾಗಿ ಇಡೀ ಫಂಡೇ ಹೋಯಿತು. ಮತ್ತೊಂದು ಫಂಡು ಹಿಡಿದು ಒಂದರಿಂದ ಶುರುಮಾಡಿದೆವು. ಅದರಲ್ಲಿ ಸಕ್ಕರೆಯವರಿದ್ದರು. "ಸಕ್ಕರಿ ಕಾರಖಾನಿ ಹಿಂದ ಸಾರಾಯಿ ಕಾಸೂದು ನನಗ ಗೊತ್ತೈತಿ. ವಾಸನಿ ಇಲ್ಲೀತನಕ ಬರತೈತಿ" ಎಂದಳು. ನಿಮ್ಮ ಮನೆಯ ಕಬ್ಬೂ ಅಲ್ಲಿಗೇ ಹೋಗುವುದಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ. ಆಯಿ ಕನ್ನಡಕ ಸರಿಮಾಡಿಕೊಂಡು, "ಕಬ್ಬು ನನ್ನ ಮಗಂದು ತಮ್ಮಾ. ವ್ರತ ನಂದು" ಎಂದಳು. ಎರಡನೇ ಫಂಡೂ ಹೋಯಿತು.

ಮೂರನೆಯದರಲ್ಲಿ ಬ್ಯಾಂಕುಗಳದೇ ತೊಡಕಾಯಿತು. ಬ್ಯಾಂಕು ಏನು ಮಾಡುತ್ತದೆ? ಸಾಲ ಕೊಡುತ್ತದೆ. ಯಾರಿಗೆ ಕೊಡುತ್ತದೆ? ಕೇಳಿದವರಿಗೆ. "ಕೋಳಿ ಸಾಕೂರಿಗೆ ಕೊಡ್ತಾರೋ ಇಲ್ಲೋ?" ಎಂದು ಆಯಿ ಕೇಳಿದಾಗ ನಾನು ಸೋತು ಗೋಡೆಗೆ ಒರಗಿದೆ. ಸುಜಾತಾ ಟೀಚರು ಅಡಿಗೆಮನೆಯಿಂದಲೇ, "ಅತ್ತೀ, ನನ್ನ ಪಗಾರನೂ ಬ್ಯಾಂಕಿಗೇ ಬರತೈತ್ರಿ. ಹಂಗ ನೋಡಿದ್ರ ನಾಳಿಂದ ಒಲಿ ಹಚ್ಚಾಂಗಿಲ್ಲ" ಎಂದು ಕೂಗಿ ನನ್ನನ್ನು ಉಳಿಸಿದರು. ಆಯಿ, ಬ್ಯಾಂಕೆಂದರೆ ಓಣಿ ಇದ್ದ ಹಾಗೆ, ಎಲ್ಲರೂ ಹಾಯುತ್ತಾರೆ, ಓಣಿಗೆ ಪಾಪವಿಲ್ಲ ಎಂದು ತೀರ್ಪು ಕೊಟ್ಟಳು. ಆ ಕಾಲದಲ್ಲಿ ನಾನು ಇದನ್ನೆಲ್ಲ ಸಾಹೇಬರ ಎದುರು ಅಣಕಿಸಿ ನಗಿಸುತ್ತಿದ್ದೆ. ಆದರೆ ನಿಜವಾಗಿ ಅಂಕಲಿಯ ದಿನ ಬಂದರೆ ನನಗೆ ಬೆಳಗಿನಿಂದ ಖುಷಿ. ಕೃಷ್ಣೆಯ ಕಡೆಯ ಗಾಳಿ, ಆ ತಂಪು ಪಡಸಾಲೆ, ನನ್ನ ಮಾತನ್ನು ಪೂರ್ತಿ ಕೇಳುವ ಒಂದು ಜೀವ. ಆಮೇಲೆ ಎಷ್ಟೋ ದೊಡ್ಡ ಸಭೆಗಳಲ್ಲಿ ಮಾತಾಡಿದ್ದೇನೆ, ಅಷ್ಟು ಗಮನ ಕೊಟ್ಟು ಯಾರೂ ಕೇಳಿಲ್ಲ. ಆ ದಿನಗಳು ನನಗೆ ಇವತ್ತಿಗೂ ಬೇಕು ಅನಿಸುತ್ತವೆ.

ತಿಂಗಳು ಮುಗಿಯುತ್ತ ಬಂತು. ಸಾಹೇಬರು ಶನಿವಾರದ ಗಡುವು ಕೊಟ್ಟರು. ಮೂರನೇ ಫಂಡಿನ ಎಲ್ಲ ಕಂಪನಿಗಳೂ ಪಾಸಾಗಿದ್ದವು, ಒಂದನ್ನು ಬಿಟ್ಟು. ಪಟ್ಟಿಯಲ್ಲಿ ಮೂವತ್ತೊಂದನೆಯದು. ಅದರ ಹೆಸರಿನಲ್ಲಿ ಒಬ್ಬ ದೇವರು, ಒಂದು 'ಇಂಟರ್‌ನ್ಯಾಷನಲ್', ಒಂದು 'ಎಂಟರ್‌ಪ್ರೈಸಸ್' ಇದ್ದವೇ ಹೊರತು ಅದು ಏನು ಮಾಡುತ್ತದೆ ಎಂಬುದಿರಲಿಲ್ಲ. ಶುಕ್ರವಾರ ಹುಡುಕೋಣವೆಂದರೆ ಚಿಕ್ಕೋಡಿಯಲ್ಲಿ ಇಡೀ ದಿನ ಕರೆಂಟಿಲ್ಲ. ಶನಿವಾರ ಹಾಗೆಯೇ ಅಂಕಲಿಗೆ ಹೋದೆ. ಆಯಿ ಒಂದೊಂದೇ ಹೆಸರಿಗೆ ತಲೆಯಾಡಿಸುತ್ತ ಬಂದು ಮೂವತ್ತೊಂದಕ್ಕೆ ನಿಂತಳು. "ಇವರು?" ಎಂದಳು. ಎದುರಿಗೆ ಗೂಟಕ್ಕೆ ನೂಲಿನ ಲಡಿಯೊಂದು ನೇತುಬಿದ್ದಿತ್ತು.

"ನೂಲು ಮಾಡ್ತಾರ್ರಿ ಆಯಿ" ಎಂದೆ.

ಆಯಿಯ ಮುಖ ಅರಳಿತು. "ನೂಲು ಛಲೋ. ಮಂದಿ ಮಾನ ಮುಚ್ಚತೈತಿ" ಎಂದು ಸಹಿಗೆ ಪೆನ್ನು ಕೇಳಿದಳು. ಸಹಿ ಮಾಡುವ ಮುಂಚೆ ಒಂದು ಮಾತು ತೆಗೆದುಕೊಂಡಳು: ಫಂಡಿನವರು ಪಟ್ಟಿ ಬದಲಿಸುತ್ತಿರುತ್ತಾರೆಂದು ನಾನೇ ಹೇಳಿದ್ದೆನಾದ್ದರಿಂದ, ಪ್ರತಿ ತಿಂಗಳು ಬಂದು ಹೊಸ ಪಟ್ಟಿ ಓದಿ ಹೇಳಬೇಕು. ಆಗಲಿ ಎಂದೆ. ಖಾಯಂ ಆಗುವ ಸಂತೋಷದಲ್ಲಿ ನಾನು ಏನಕ್ಕೆ ಬೇಕಾದರೂ ಆಗಲಿ ಎನ್ನುತ್ತಿದ್ದೆ.

ಖಾಯಂ ಆದೆ. ಅಪ್ಪ ಚಹಾದಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದ. ಹದಿನೈದು ದಿನ ಬಿಟ್ಟು ಬಿಡುವಾದಾಗ ಕಂಪ್ಯೂಟರಿನ ಮುಂದೆ ಕೂತು ಮೂವತ್ತೊಂದನೇ ಕಂಪನಿಯನ್ನು ಹುಡುಕಿದೆ. ಪುಟ ಮೇಲಿನಿಂದ ಕೆಳಗೆ ನಿಧಾನವಾಗಿ ತೆರೆದುಕೊಂಡಿತು. ಮೊದಲು ನೀಲಿ ಸಮುದ್ರ, ಆಮೇಲೆ ಹಡಗು, ಆಮೇಲೆ ಬಿಳಿ ಟೊಪ್ಪಿಗೆ ಹಾಕಿದ ಹೆಂಗಸರು, ಕೊನೆಗೆ ಅವರ ಮುಂದಿನ ಮೇಜಿನ ಮೇಲೆ ರಾಶಿ ರಾಶಿ ಸೀಗಡಿ. ಹಿಡಿದು, ಮಂಜುಗಡ್ಡೆಯಲ್ಲಿ ಹೂತು, ಪರದೇಶಕ್ಕೆ ಕಳಿಸುವ ಕಂಪನಿ ಅದು. ಇಡೀ ಪಟ್ಟಿಯಲ್ಲಿ ಆಯಿಯ ವ್ರತಕ್ಕೆ ಇದಕ್ಕಿಂತ ದೊಡ್ಡ ವೈರಿ ಇನ್ನೊಂದಿರಲಿಲ್ಲ.

ಸಾಹೇಬರಿಗೆ ಹೇಳಿದೆ. ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಅರೇ ಬಾಬಾ, ನೂರು ರೂಪಾಯಿದಾಗ ಎರಡು ರೂಪಾಯಿ ಸೀಗಡಿ. ಆಕೀಗೆ ಯಾರ್ ಹೇಳ್ತಾರ?" ಎಂದರು. ಹೇಳುವವನು ನಾನೇ, ಪ್ರತಿ ತಿಂಗಳು. ಮೊದಲನೇ ಸಲ ನಾನು ಹೇಳಿದ್ದು ಅಂದಾಜು, ಅಂದಾಜು ತಪ್ಪಾಗಬಹುದು. ಎರಡನೇ ತಿಂಗಳು ಪಟ್ಟಿ ಓದುತ್ತ ಮೂವತ್ತೊಂದಕ್ಕೆ ಬಂದು "ನೂಲು" ಎಂದದ್ದು ಮಾತ್ರ ಶುದ್ಧ ಸುಳ್ಳು. ಮೂರನೇ ತಿಂಗಳು ಆ ಕಂಪನಿ ಪಟ್ಟಿಯಿಂದ ಹೋಗಿರಲಪ್ಪಾ ಎಂದು ದೇವರಿಗೆ ಕೈಮುಗಿದೆ. ಫಂಡಿನವರು ಅದರ ಶೇರುಗಳನ್ನು ಇನ್ನಷ್ಟು ಕೊಂಡಿದ್ದರು. ಆಯಿಗಂತೂ ಆ ಕಂಪನಿಯ ಮೇಲೆ ವಿಶೇಷ ಮಮತೆ ಬೆಳೆಯಿತು. ಉಳಿದವರ ಹೆಸರೆಲ್ಲ ಇಂಗ್ಲಿಷಿನ ಗದ್ದಲ. ನೂಲಿನವರು ಮಾತ್ರ ಆಕೆಗೆ ನೆನಪುಳಿಯುತ್ತಿದ್ದರು. ನಾನು ಗಾಡಿ ನಿಲ್ಲಿಸುವುದರೊಳಗೆ, "ನೂಲಿನವರು ಆರಾಮ ಅದಾರೇನ ತಮ್ಮಾ?" ಎಂದು ನೆಂಟರನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದಳು. "ಆರಾಮ ಅದಾರ್ರಿ" ಎನ್ನುತ್ತಿದ್ದೆ. ಬರುವಾಗ ಕೈಯಲ್ಲಿ ಸೌತೆಕಾಯಿಯೋ ಅವರೆಕಾಯಿಯೋ ಒಂದು ಚೀಲ ಇರುತ್ತಿತ್ತು. ಆ ಚೀಲ ನಾನು ಹೊತ್ತ ಚೀಲಗಳಲ್ಲೆಲ್ಲ ಭಾರವಾದದ್ದು. ಸೌತೆಕಾಯಿ ಚೆನ್ನಾಗಿದ್ದವು ಎಂಬುದನ್ನೂ ಹೇಳಬೇಕು.

ಹೀಗೆ ಏಳು ತಿಂಗಳಾಗುವಷ್ಟರಲ್ಲಿ ಮಾರುಕಟ್ಟೆ ಬಿತ್ತು. ನಮ್ಮ ಗೋಡೆಯ ಚಿತ್ರದಲ್ಲಿ ಗೆರೆ ಏರುತ್ತಲೇ ಇತ್ತು, ಕಂಪ್ಯೂಟರಿನಲ್ಲಿ ಇಳಿಯುತ್ತಲೇ ಇತ್ತು. ಐದು ತಾಲೂಕಿನ ಗಿರಾಕಿಗಳೂ ಮೆಟ್ಟಿಲು ಹತ್ತಿ ಬಂದರು, ಯಾರೂ ಸೀನಲಿಲ್ಲ. ಸಾಹೇಬರಿಗೆ ಅದೇ ವಾರ ನಿಪ್ಪಾಣಿಯ ಅಣ್ಣಂದಿರ ಮೇಲೆ ಪ್ರೀತಿ ಉಕ್ಕಿ, ಅಲ್ಲಿಗೇ ಹೋಗಿ ಕೂತರು. ಕಚೇರಿಯಲ್ಲಿ ನಾನೊಬ್ಬನೇ. "ಸುಳ್ಳ ಹೇಳಿ ರೊಕ್ಕಾ ಹಾಕಿಸಿದಿ" ಎಂದು ಎಲ್ಲರೂ ಬೈದರು. ಅವರಿಗೆ ನಾನು ಸುಳ್ಳು ಹೇಳಿರಲಿಲ್ಲ. ಏರುತ್ತದೆ ಇಳಿಯುತ್ತದೆ ಎಂದು, ಸ್ವಲ್ಪ ವೇಗವಾಗಿಯಾದರೂ, ಹೇಳಿದ್ದೆ. ಸುಳ್ಳು ಹೇಳಿದ್ದು ಒಬ್ಬಳಿಗೆ. ಆಕೆ ಮಾತ್ರ ಬಂದಿರಲಿಲ್ಲ.

ತಿಂಗಳ ಪಟ್ಟಿ ಹಿಡಿದು ನಾನೇ ಹೋದೆ. ಮೂರರಲ್ಲಿ ಒಂದು ಪಾಲು ಕರಗಿದೆ ಎಂದು ಸೊಸೆ ಆಕೆಗೆ ಹೇಳಿದ್ದರು. ನಾನು ತಡವರಿಸುತ್ತ ಸಮಾಧಾನ ಹೇಳಲು ಹೋದರೆ ಆಯಿ, "ಏರತೈತಿ, ಇಳಿತೈತಿ. ಅದರ ಧರ್ಮ ಅದು. ನೀ ಪಟ್ಟಿ ಓದು" ಎಂದಳು. ಓದಿದೆ. ಮೂವತ್ತೊಂದಕ್ಕೆ ಬಂದಾಗ ಆಕೆಯೇ ತಡೆದಳು. "ಪಾಪ, ನೂಲಿನವರಿಗೂ ಲುಕ್ಸಾನ ಆತೇನು?" ಎಂದಳು. ಒಂದು ವಾರ ಅಷ್ಟು ಜನರಿಂದ ಬೈಸಿಕೊಂಡರೂ ಬಾರದ ಅಳು ನನಗೆ ಆ 'ಪಾಪ' ಎಂಬ ಮಾತಿಗೆ ಬಂತು. ಟೈಯಿಂದಲೇ ಕಣ್ಣೊರೆಸಿಕೊಂಡು ಎಲ್ಲ ಹೇಳಿಬಿಟ್ಟೆ.

ಆಯಿ ಮೊದಲು, "ಸೀಗಡಿ ಅಂದ್ರ ಏನು?" ಎಂದಳು. ಆಕೆ ಅದನ್ನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

"ಸಮುದ್ರದಾಗ ಇರ್ತಾವ್ರಿ. ಸಣ್ಣಸಣ್ಣು. ಬೆರಳಿನಷ್ಟು."

"ಒಂದು ಪೆಟಿಗ್ಯಾಗ ಎಷ್ಟು ಹಿಡಸ್ತಾವ?"

ಮೂರು ಫಂಡುಗಳ ಕಂಪನಿಗಳ ಬಗ್ಗೆ ಹುಡುಕಿದವನು ನಾನು. ಇದೊಂದನ್ನು ನೋಡಿರಲಿಲ್ಲ. ಗೊತ್ತಿಲ್ಲವೆಂದೆ. ಆಯಿ ತನ್ನ ಬೆರಳನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತಳು. ಆಮೇಲೆ, "ನಿನಗ ಗೊತ್ತಾಗಿ ಎಷ್ಟು ದಿನಾ ಆತು?" ಎಂದಳು. ಆರು ತಿಂಗಳ ಮೇಲಾಯಿತು ಎಂದೆ. "ಹೂಂ" ಎಂದಳು. ಬೈಯಲಿಲ್ಲ. ಹಣ ಅಲ್ಲಿಂದ ತೆಗೆದು ಸರಕಾರದ ಬಾಂಡಿನಲ್ಲಿ ಇಡು ಎಂದಳು. ಈಗ ತೆಗೆದರೆ ಹೋದದ್ದು ಹೋದಂತೆಯೇ, ಸ್ವಲ್ಪ ಕಾದರೆ ಮರಳಿ ಬಂದೀತು ಎಂದು ನಾನು ನ್ಯಾಯವಾಗಿಯೇ ಹೇಳಿದೆ. "ಹೋಗಲಿ ಬಿಡು. ಮೊಮ್ಮಗಳು ಒಂದು ವರ್ಷ ತಡಾ ಮಾಡಿ ಕಲೀಲಿ" ಎಂದಳು.

ಮುಂದಿನ ವಾರ ಸಹಿಗೆ ಕಾಗದ ಒಯ್ದೆ. ಮಧ್ಯಾಹ್ನದ ಹೊತ್ತು. ಆಯಿ ಎಂದಿಗಿಂತ ಮೆಲ್ಲಗೆ ನಡೆಯುತ್ತಿದ್ದಳು, ವಯಸ್ಸಾಯಿತಲ್ಲ ಎಂದುಕೊಂಡೆ. ಉಂಡು ಹೋಗು ಎಂದು ಹಟ ಹಿಡಿದು ಕೂಡಿಸಿದಳು. ಬಿಸಿ ರೊಟ್ಟಿ, ಹೀರೇಕಾಯಿ ಪಲ್ಯ, ಕೆನೆಮೊಸರು, ಶೇಂಗಾ ಹೋಳಿಗೆ. ತಾನೇ ಮುಂದೆ ಕೂತು ಬಡಿಸಿದಳು. ಕ್ಷಮೆ ಸಿಕ್ಕಿದೆ ಎಂದು ನನಗೆ ಎಷ್ಟು ಹಗುರವಾಯಿತೆಂದರೆ ಮೂರು ಹೋಳಿಗೆ ತಿಂದೆ. ನಾಲ್ಕನೆಯದಕ್ಕೆ ತುಪ್ಪ ಸಾಲದೆಂದು ಬಾಯಿಬಿಟ್ಟು ಕೇಳಿದೆ. ನೀವೂ ಕೂತುಕೊಳ್ಳಿರಿ ಆಯಿ ಎಂದು ಒಂದು ಮಾತಿಗೆ ಅಂದದ್ದೂ ನಿಜ. "ನಂದು ಆಗೇತಿ, ನೀ ಉಣ್ಣು" ಎಂದಳು.

ಸುಜಾತಾ ಟೀಚರು ಗಾಡಿಯವರೆಗೆ ಬಂದರು. "ಹೇಳಬ್ಯಾಡ ಅಂದಾರ ಅತ್ತಿ. ಆದ್ರ ನೀವು ತುಪ್ಪಾ ಕೇಳಿದ್ದ ನೋಡಿ ತಡಕೊಳ್ಳಾಕ ಆಗಲಿಲ್ಲ" ಎಂದರು. ಆಯಿ ನಾಲ್ಕು ದಿನದ ಹಿಂದೆ ಒಂದು ಉಪವಾಸ ಮಾಡಿದ್ದಳಂತೆ, ಕಾಯಿಸಿದ ನೀರಿನ ಮೇಲೆ. ಅದು ಗೊತ್ತಿಲ್ಲದೆ ತನ್ನಿಂದ ಆದ ಪಾಪಕ್ಕೆ. ಇವತ್ತು ಮತ್ತೊಂದು. "ಇವತ್ತಿಂದು ನಿಮ್ಮ ಪಾಲಿಂದ್ರಿ. ಗೊತ್ತಿದ್ದೂ ಸುಮ್ಮನಿದ್ರೆಲ್ಲ, ಅದಕ್ಕ."

ನಾನು ಗಾಡಿಗೆ ಹಾಕಿದ ಕೀಲಿಯನ್ನು ಮತ್ತೆ ಹೊರಗೆಳೆದೆ.

"ಒಬ್ಬರ ಕರ್ಮ ಇನ್ನೊಬ್ಬರು ಕಳಿಯಾಕ ಬರಾಂಗಿಲ್ಲ ಅಂತ ಆಕೀಗೂ ಗೊತ್ತೈತಿ" ಎಂದರು ಟೀಚರು. "ನಾನೂ ಅದನ್ನ ಅಂದೆ. 'ಹೌದವಾ, ಆದ್ರ ಆ ಹುಡುಗಗ ಹಸಿವು ತಡಿಯಾಕ ಬರಾಂಗಿಲ್ಲ' ಅಂದ್ರು."

ದಾರಿಯುದ್ದಕ್ಕೂ ನನಗೆ ಕಣ್ಣು ಕಾಣಲಿಲ್ಲ. ಕಬ್ಬಿನ ಲಾರಿಗಳೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದಿರಬೇಕು. ನನ್ನ ಪಾಲಿನದನ್ನು ನಾನೇ ಮಾಡುತ್ತೇನೆ ಎಂದು ನಿಶ್ಚಯಿಸಿದೆ: ಈ ಗಳಿಗೆಯಿಂದ ನಾಳೆ ಹೊತ್ತು ಹುಟ್ಟುವವರೆಗೆ ನೀರು ಬಿಟ್ಟು ಏನೂ ಇಲ್ಲ. ಬದುಕಿನಲ್ಲಿ ಮೊದಲ ಸಲ ಮನಸ್ಸು ಅಷ್ಟು ಗಟ್ಟಿಯಾಗಿತ್ತು. ಸಂಜೆ ಆರೂವರೆಗೆ ಕಚೇರಿಗೆ ಬೀಗ ಹಾಕಿ ಕೆಳಗಿಳಿದೆ. ಬಸ್ ನಿಲ್ದಾಣದ ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಬರೀ ನೋಡಿಕೊಂಡು ಹೋಗೋಣವೆಂದು ನಿಂತೆ. ಎರಡು ತಿಂದೆ. ಗಾಡಿಯವನು ಕೇಳದೆಯೇ ಮೂರನೆಯದನ್ನು ಕಾಗದಕ್ಕೆ ಹಾಕಿದ. ಅದನ್ನು ಬೇಡವೆಂದು ಮರಳಿ ಕೊಟ್ಟೆ. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಅದೊಂದೇ.